ಸೀಲ್ ಬದಲಿಸಿದರೂ ಫೋರ್ಕ್ ಸೋರುವುದೇಕೆ?

ಪ್ರಶ್ನೆ: ಹಳೆಯ ಯೆಜ್ಡಿಯ ಮುಂದಿನ ಫೋರ್ಕಿಗೆ ಹೊಸ ಸೀಲ್ ಹಾಕಿಸಿದರೂ ಮತ್ತೆ ಎಣ್ಣೆ ಸೋರುತ್ತಿದೆ. ಪೂರ್ತಿ ರಿಪೇರಿಗೆ ದುಡ್ಡು ಸುರಿಯಬೇಕೇ?

ಉತ್ತರ: ಬೇಕಾಗಬಹುದು; ಆದರೆ ಅದನ್ನು ನಿರ್ಧರಿಸುವುದು ಸೀಲ್ ಅಲ್ಲ, ಒಳಗಿನ ಪೈಪಿನ ಮೈ. ರಬ್ಬರ್ ಸೀಲಿನ ಅಂಚು ಕ್ರೋಮ್ ಮೇಲೆ ಜಾರುತ್ತಾ ಎಣ್ಣೆ ತಡೆಯುತ್ತದೆ. ಕ್ರೋಮ್ ತುಕ್ಕಿನಿಂದ ಕುಳಿಬಿದ್ದಿದ್ದರೆ ಪ್ರತಿ ಏರಿಳಿತದಲ್ಲೂ ಅಂಚು ಹರಿಯುತ್ತದೆ, ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಉಳಿಯದು. ಪಾಲಿಶ್ ಪೇಪರ್ ಉಜ್ಜಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಚೂಪು ಅಂಚು ತಗ್ಗೀತು, ಕುಳಿ ತುಂಬದು. ಹಾಗೆಂದು ಎಲ್ಲ ಕುಳಿಗಳಿಗೂ ಹೆದರಬೇಕಿಲ್ಲ: ಪೈಪಿಗೆ ದಾರ ಕಟ್ಟಿ ಫೋರ್ಕನ್ನು ಪೂರ್ತಿ ಒತ್ತಿ ನೋಡಿ. ಸೀಲ್ ತಲುಪದ ಎತ್ತರದಲ್ಲಿ ತುಕ್ಕಿದ್ದರೆ ಸೋರಿಕೆಗೆ ಅದು ಕಾರಣವಲ್ಲ.

ಸೀಲ್ ಓಡಾಡುವಲ್ಲೇ ಕುಳಿಗಳಿದ್ದರೆ ಹೊಸ ಪೈಪು ಅಥವಾ ಹಾರ್ಡ್ ಕ್ರೋಮ್, ಎರಡೇ ದಾರಿ. ಇಂದಿಗೂ ತಯಾರಾಗುವ ಬೈಕಾದರೆ ಕಂಪನಿಯ ಹೊಸ ಪೈಪೇ ಲೇಸು. ಆದರೆ ಹಳೆಯ ಯೆಜ್ಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿತು. ಹಾಗಾಗಿ ಆ ಕಾಲದ ಯೆಜ್ಡಿಗೆ, ಪೈಪು ನೇರವಾಗಿದ್ದರೆ, ಹಾರ್ಡ್ ಕ್ರೋಮ್ ಪರ ನನ್ನ ಮತ. ಹಳೆಯ ಲೇಪ ತೆಗೆದು, ಗ್ರೈಂಡ್ ಮಾಡಿ, ದಪ್ಪಗೆ ಲೇಪಿಸಿ, ಮತ್ತೆ ಮೂಲ ಅಳತೆಗೆ ಗ್ರೈಂಡ್ ಮಾಡುವ ಈ ಕೆಲಸ ದುಬಾರಿಯೇ. ಬಂಪರಿಗೆ ಹಾಕುವ ಹೊಳಪಿನ ಕ್ರೋಮ್ ಅಗ್ಗವೆಂದು ಅದನ್ನು ಒಪ್ಪಬೇಡಿ, ಅಳತೆ ಕೂಡುವುದಿಲ್ಲ. ಮಡಿಕೆ ಬಿದ್ದಷ್ಟು ಬಾಗಿದ ಪೈಪನ್ನಂತೂ ನೇರ ಮಾಡಿಸಲೇಬೇಡಿ. ಅಲ್ಲಿ ಲೋಹ ದುರ್ಬಲವಾಗಿರುತ್ತದೆ. ಬಿಚ್ಚಿದಾಗಲೇ ಸವೆದ ಬುಷ್‌ಗಳನ್ನೂ ಬದಲಿಸಿ, ಎರಡೂ ಕಾಲಿಗೆ ಸಮನಾಗಿ ಅಳೆದು ಎಣ್ಣೆ ಹಾಕಿಸಿ.