ಏಪ್ರಿಲ್ 14ರ ನೆನಪು: ಬಂದರಿನ ಗೋಡೆಯ ಪಕ್ಕದಲ್ಲೊಂದು ನಡಿಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ಕನ್ನಡಿಗರಿಗೆ ಮುಂಬಯಿ ಕರ್ಮಭೂಮಿ. ಮಸೀದಿ ಬಂದರ್, ಡಾಕ್‌ಯಾರ್ಡ್ ರೋಡ್ ನಿಲ್ದಾಣಗಳಲ್ಲಿ ದಿನವೂ ಇಳಿದು ಕೆಲಸಕ್ಕೆ ಧಾವಿಸುವ ನಮ್ಮವರು ಅಸಂಖ್ಯ. ಆದರೆ ಆ ಹಾದಿಯ ಪೂರ್ವಕ್ಕಿರುವ ಬಂದರಿನ ಗೋಡೆಯ ಹಿಂದೆ ನಡೆದ ಮಹಾದುರಂತವೊಂದನ್ನು ನೆನೆಯುವವರು ಈಗ ವಿರಳ.

ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿಮಾನಗಳು 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಅದೇ ಡಿಸೆಂಬರ್‌ನಲ್ಲಿ ಕಲ್ಕತ್ತಾದ ಮೇಲೂ ಬಾಂಬ್ ಹಾಕಿದವು. ಮುಂಬಯಿ ಮೇಲೆ ಶತ್ರುವಿನ ಬಾಂಬ್ ಬೀಳಲಿಲ್ಲ. ಆದರೂ 1944ರ ಏಪ್ರಿಲ್ 14ರ ಶುಕ್ರವಾರ ನಗರ ನಡುಗಿದಾಗ ಜಪಾನಿನ ದಾಳಿಯೆಂದೇ ಹಲವರು ನಂಬಿದರು.

ಕಾರಣ, ಫೋರ್ಟ್ ಸ್ಟಿಕಿನ್ ಎಂಬ ಹಡಗು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಫೆಬ್ರವರಿ 24ರಂದು ಹೊರಟ ಅದರಲ್ಲಿ ಸುಮಾರು 1,395 ಟನ್ ಸ್ಫೋಟಕ ಮತ್ತು ಮದ್ದುಗುಂಡು, ಯುದ್ಧ ವಿಮಾನಗಳು, 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿಗಳಿದ್ದವು. ಕರಾಚಿಯಲ್ಲಿ ಇದರ ಜತೆಗೆ 8,700 ಮೂಟೆ ಹತ್ತಿ, ಎಣ್ಣೆ, ಮರ ಏರಿಸಲಾಯಿತು. ಹತ್ತಿಯೂ ಸ್ಫೋಟಕವೂ ಅಕ್ಕಪಕ್ಕ! ಏಪ್ರಿಲ್ 12ರಂದು ಹಡಗು ವಿಕ್ಟೋರಿಯಾ ಡಾಕ್ ಸೇರಿತು. 14ರ ಮಧ್ಯಾಹ್ನ ಹತ್ತಿಯಿಂದ ಹೊಗೆ ಕಾಣಿಸಿತು. ಅಗ್ನಿಶಾಮಕದವರು ನೀರು ಸುರಿಯುತ್ತಲೇ ಇದ್ದರು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಕಂಪನ ಶಿಮ್ಲಾದ ಭೂಕಂಪ ಮಾಪಕದಲ್ಲೂ ದಾಖಲಾಯಿತು.

ಈ ಚರಿತ್ರೆಯನ್ನು ಕಾಲ್ನಡಿಗೆಯಲ್ಲೇ ಓದಬಹುದು. ಬಿಡುವಿನ ಒಂದು ಬೆಳಿಗ್ಗೆ ಸಾಕು. ಸಿಎಸ್‌ಎಂಟಿ ನಿಲ್ದಾಣದ ಹಿಂಬದಿಯ ಸೇಂಟ್ ಜಾರ್ಜ್ ಆಸ್ಪತ್ರೆಯಿಂದ ಹೊರಡಬೇಕು. ಅಂದು ಗಾಯಾಳುಗಳನ್ನು ಹೊತ್ತು ತಂದ ಆಸ್ಪತ್ರೆಗಳಲ್ಲಿ ಇದೂ ಒಂದು. ಎದುರಿನ ಪಿ. ಡಿ'ಮೆಲ್ಲೊ ರಸ್ತೆಗೆ ಅಂದಿನ ಹೆಸರು ಫ್ರಿಯರ್ ರೋಡ್. ಈಗಿನ ಹೆಸರು ನಮ್ಮ ಮಂಗಳೂರು ಕಡೆಯ ಪ್ಲಾಸಿಡ್ ಡಿ'ಮೆಲ್ಲೊ ಅವರದು. ಬಂದರು ಕಾರ್ಮಿಕರನ್ನು ಸಂಘಟಿಸಿ 1958ರಲ್ಲಿ ಗತಿಸಿದ ಈ ನಾಯಕನೇ ಜಾರ್ಜ್ ಫೆರ್ನಾಂಡಿಸ್ ಅವರಿಗೆ ಕಾರ್ಮಿಕ ಹೋರಾಟದ ಗುರು.

ಉತ್ತರಕ್ಕೆ ನಡೆದರೆ ಬಲಕ್ಕೆ ಬಂದರಿನ ಗೋಡೆ, ಎಡಕ್ಕೆ ಮಸೀದಿ ಬಂದರ್ ಮತ್ತು ಮಾಂಡವಿಯ ಗೋದಾಮು ಸಾಲು. ಅಂದು ಉರಿಯುವ ಹತ್ತಿ ಮೂಟೆಗಳು ಆಕಾಶದಿಂದ ಬಿದ್ದು ಇಲ್ಲಿನ ದಿನಸಿ ಗೋದಾಮು, ಚಾಳುಗಳಿಗೆ ಬೆಂಕಿ ಹತ್ತಿತು. ಒಂದು ಮೈಲಿಗೂ ದೂರದ ಪಾರ್ಸಿ ಗೃಹಸ್ಥರೊಬ್ಬರ ಮನೆಗೆ ಚಿನ್ನದ ಗಟ್ಟಿಯೊಂದು ಬಂದು ಬಿತ್ತು! ಜಲಪದ್ಮ ಎಂಬ ಹಡಗನ್ನು ಸ್ಫೋಟ ನೀರಿನಿಂದೆತ್ತಿ ದಡಕ್ಕೆಸೆಯಿತು. ಸತ್ತವರ ಸಂಖ್ಯೆ 800ರಿಂದ 1,300ರವರೆಗೆ ಎನ್ನುತ್ತಾರೆ. ಮನೆ ಕಳೆದುಕೊಂಡವರು ಸುಮಾರು 80,000 ಮಂದಿ.

ಗೋಡೆಯೊಳಗೆ ಪರವಾನಗಿ ಇಲ್ಲದೆ ಪ್ರವೇಶವಿಲ್ಲ. ವಿಕ್ಟೋರಿಯಾ ಡಾಕ್ ಕೂಡ ಈಗ ಹಳೆಯ ರೂಪದಲ್ಲಿಲ್ಲ. ಕಂಟೈನರ್ ನಿಲ್ದಾಣಕ್ಕಾಗಿ ಅದನ್ನು ತುಂಬಿಸಲಾಗಿದೆ. ಹೊರಗಿನ ರಸ್ತೆಯಲ್ಲೇ ವಾಡಿ ಬಂದರ್ ದಾಟಿ, ಡಾಕ್‌ಯಾರ್ಡ್ ರೋಡ್ ತಲುಪಿ, ಅಲ್ಲಿಂದ ಬೈಕುಲಾದ ಅಗ್ನಿಶಾಮಕ ದಳದ ಕೇಂದ್ರ ಕಚೇರಿಯವರೆಗೆ ನಡೆಯಬೇಕು. ಬೆಂಕಿಗೆ ಬೆನ್ನು ತೋರಿಸದೆ ಮಡಿದ 66 ಅಗ್ನಿಶಾಮಕರ ಸ್ಮಾರಕ ಇಲ್ಲಿದೆ. ಪ್ರತಿವರ್ಷ ಏಪ್ರಿಲ್ 14ರಂದು ಅವರಿಗೆ ಗೌರವ ಸಲ್ಲುತ್ತದೆ. ದೇಶದಾದ್ಯಂತ ಆ ದಿನದಿಂದ 20ರವರೆಗೆ ಆಚರಿಸುವ ಅಗ್ನಿಶಾಮಕ ಸಪ್ತಾಹದ ಮೂಲವೂ ಇದೇ ದುರಂತ.

ಲೆಕ್ಕಪತ್ರದ ಪಾಠವೂ ಇದರಲ್ಲಿದೆ. ಬೆಂಕಿಗೆ ವಿಮೆ ಮಾಡಿಸಿದ್ದರೂ ಸ್ಫೋಟದಿಂದಾದ ನಷ್ಟಕ್ಕೆ ಪರಿಹಾರ ಸಿಗುವುದೇ ಎಂಬ ಪ್ರಶ್ನೆ ಎದ್ದಿತು. ಕೊನೆಗೆ ಸರಕಾರ 1944ರಲ್ಲೇ ಪರಿಹಾರದ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಅರ್ಜಿ ಹಾಕಲು ಕಾಗದಪತ್ರ ಇದ್ದವರ ನಷ್ಟವಾದರೂ ಲೆಕ್ಕಕ್ಕೆ ಬಂತು. ತಲೆಹೊರೆಯ ಕೂಲಿ, ಹೋಟೆಲಿನ ಹುಡುಗ ಇಂಥವರ ನಷ್ಟ ಬರೆದಿಡುವವರು ಯಾರು? ಯುದ್ಧಕಾಲದ ಸೆನ್ಸಾರಿನಿಂದಾಗಿ ಇಲ್ಲಿನ ಪತ್ರಿಕೆಗಳಲ್ಲಿ ಪೂರ್ಣ ವರದಿ ಬರಲು ಮೇ ತಿಂಗಳವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಜಪಾನಿಯರ ಕೈಯಲ್ಲಿದ್ದ ಸೈಗಾನ್ ರೇಡಿಯೋ ಸುದ್ದಿ ಬಿತ್ತರಿಸಿಯಾಗಿತ್ತು.

ಆ ಹೊತ್ತಿಗೆ ಮೊಗವೀರ ವ್ಯವಸ್ಥಾಪಕ ಮಂಡಳಿ, ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘ ಮೊದಲಾದ ನಮ್ಮ ಸಂಸ್ಥೆಗಳು ಮುಂಬಯಿಯಲ್ಲಿ ಬೇರೂರಿದ್ದವು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿಯುತ್ತಿದ್ದ ಊರಿನ ಹುಡುಗರೂ ಈ ನಗರದಲ್ಲಿದ್ದರು. ಅಂದಿನ ಸದ್ದನ್ನು ಕಿವಿಯಾರೆ ಕೇಳಿದವರು ಇಂದು 90ರ ಆಸುಪಾಸಿನಲ್ಲಿದ್ದಾರೆ. ಅವರು ಹೋದರೆ ಕೇಳಲು ಯಾರೂ ಇರುವುದಿಲ್ಲ.

ಏಪ್ರಿಲ್ 14 ಅಂಬೇಡ್ಕರ್ ಜಯಂತಿಯೂ ಹೌದು, ರಜಾದಿನ. ಸಂಘ ಸಂಸ್ಥೆಗಳು ಅಂದು ಮಕ್ಕಳನ್ನು ಕರೆದುಕೊಂಡು ಈ ದಾರಿಯಲ್ಲಿ ಒಮ್ಮೆ ನಡೆಯಲಿ. ಅದಕ್ಕೂ ಮುನ್ನ ಮನೆಯ ಹಿರಿಯರ ಬಳಿ ಒಂದರ್ಧ ಗಂಟೆ ಕುಳಿತು, ಅವರು ಹೇಳಿದ್ದನ್ನು ಹೆಸರು, ಚಾಳಿನ ವಿಳಾಸ ಸಮೇತ ಬರೆದಿಡಲಿ. ಹೂಳೆತ್ತುವಾಗ ಆ ಹಡಗಿನ ಚಿನ್ನದ ಗಟ್ಟಿಗಳು 1970ರ ದಶಕದಲ್ಲೂ ಸಿಕ್ಕಿದ್ದವು. ಬರೆದಿಡದ ಹೆಸರುಗಳು ಹಾಗೆ ಸಿಗಲಾರವು.