ನೀರಿಲ್ಲದ ದ್ವೀಪದ ಹಾಡುಹಕ್ಕಿ

ದ್ವೀಪವೆಂದೊಡನೆ ವಿಶಾಖಪಟ್ಟಣದ ಕನ್ನಡ ಬಂಧುಗಳಿಗೆ ತಮ್ಮ ಬಂದರಿನಿಂದ ಹಡಗು ಹೊರಡುವ ಅಂಡಮಾನ್ ನೆನಪಾಗುತ್ತದೆ. ವಿಜಯವಾಡದವರಿಗೆ ಕೃಷ್ಣೆಯ ನಡುವಣ ಭವಾನಿ ದ್ವೀಪ. ಆದರೆ ಕೊಡಗಿನ ಗಡಿಯಲ್ಲಿ ಸುತ್ತಲೂ ನೀರಿಲ್ಲದ ದ್ವೀಪವೊಂದಿದೆ. ಪ್ರಪಂಚದ ಬೇರಾವ ಭಾಗದಲ್ಲಿಯೂ ಕಾಣಸಿಗದ ಹಾಡುಹಕ್ಕಿಯೊಂದು ಅಲ್ಲಿ ನೆಲೆಸಿದೆ. ಅದರ ಹೆಸರು ಬಾಣಾಸುರ ಚಿಲಪ್ಪನ್.

ಪಶ್ಚಿಮಘಟ್ಟದ ಅತಿ ಎತ್ತರದ ಬೆಟ್ಟಗಳ ಮಡಿಲಲ್ಲಿ ಶೋಲಾ ಎಂಬ ತಂಪಾದ ಕುಳ್ಳುಮರಗಳ ಕಾಡುಗಳಿವೆ. ಅವುಗಳ ಸುತ್ತ ಹುಲ್ಲುಗಾವಲು, ಕೆಳಗೆ ಬಿಸಿಯಾದ ತಗ್ಗುಪ್ರದೇಶ. ತಂಪಿಗೆ ಒಗ್ಗಿದ ಹಕ್ಕಿ ಆ ತಗ್ಗನ್ನು ದಾಟಿ ಮತ್ತೊಂದು ಬೆಟ್ಟ ಸೇರಲಾರದು. ಆದುದರಿಂದಲೇ ವಿಜ್ಞಾನಿಗಳು ಈ ಶಿಖರಗಳನ್ನು 'ಆಗಸದ ದ್ವೀಪ'ಗಳೆನ್ನುತ್ತಾರೆ. ನೀಲಗಿರಿಗೂ ವಯನಾಡಿನ ಬೆಟ್ಟಗಳಿಗೂ ನಡುವೆ ಚಾಲಿಯಾರ್ ನದಿಯ ತಗ್ಗು ಇದೆ. ನೀಲಗಿರಿಯ ದಕ್ಷಿಣಕ್ಕೆ ವಿಶಾಲವಾದ ಪಾಲಕ್ಕಾಡ್ ಕಣಿವೆ. ಹೀಗೆ ಬೇರ್ಪಟ್ಟ ಹಕ್ಕಿಗಳು ಲಕ್ಷಾಂತರ ವರ್ಷಗಳಲ್ಲಿ ಬೇರೆ ಬೇರೆ ಪ್ರಭೇದಗಳೇ ಆದವು.

ಈ ಹಕ್ಕಿಗಳನ್ನು ಬಹುಕಾಲ ಹಿಮಾಲಯದ ಹಕ್ಕಿಗಳ ಬಳಗಕ್ಕೆ ಸೇರಿಸಲಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ವಿ.ವಿ. ರಾಬಿನ್ ಹಾಗೂ ಸಂಗಡಿಗರು ಇವುಗಳ ಡಿಎನ್‌ಎ, ಮೈಬಣ್ಣ ಮತ್ತು ಹಾಡುಗಳನ್ನು ಪರಿಶೀಲಿಸಿ 2017ರಲ್ಲಿ ಬೇರೆಯದೇ ನಿರ್ಣಯ ನೀಡಿದರು. ಚಿಲಪ್ಪನ್‌ಗಳದೇ ಒಂದು ಸ್ವತಂತ್ರ ಕುಲ, ಅದರಲ್ಲಿ 4 ಪ್ರಭೇದ. ಜೊತೆಗೆ ಶೋಲಾಕಿಳಿ ಎಂಬ ಇನ್ನೊಂದು ಕುಲ. ರಾಬಿನ್ ಅವರು ಆನಂತರ ನಮ್ಮ ಆಂಧ್ರದ ತಿರುಪತಿಯಲ್ಲಿರುವ ಐಸರ್ ಸಂಸ್ಥೆಯನ್ನು ಸೇರಿದರು.

ನಾಲ್ಕರಲ್ಲಿ ಬಾಣಾಸುರ ಚಿಲಪ್ಪನ್‌ನ ನೆಲೆ ವಯನಾಡಿನ ಎತ್ತರದ ಶಿಖರಗಳು ಹಾಗೂ ಕೊಡಗಿನ ಅಂಚಿನ ಬ್ರಹ್ಮಗಿರಿ ಮಾತ್ರ. ಬೂದುಬಣ್ಣದ ಎದೆ, ಕೆಂಗಂದು ಹೊಟ್ಟೆ, ಬಿಳಿಯ ಹುಬ್ಬು. ಹಣ್ಣು ಮತ್ತು ಹುಳುಹುಪ್ಪಟೆಗಳೇ ಆಹಾರ. ಪೊದೆಗಳ ನಡುವೆ ಮೈಮರೆಸಿಕೊಂಡಿರುವ ಇದು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಶೋಲಾಕಿಳಿಗಳ ಹಾಡಂತೂ ಬೆಟ್ಟದಿಂದ ಬೆಟ್ಟಕ್ಕೆ ಬೇರೆಯಾಗುವುದೆಂದು ಅಧ್ಯಯನಗಳು ತೋರಿಸಿವೆ. ಧಾರವಾಡದ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ನಮಗೆ ಇದೇನೂ ಅಚ್ಚರಿಯಲ್ಲ.

ಆದರೆ ಈ ಹಕ್ಕಿಯನ್ನು ಇಂದು ಅಪಾಯದಲ್ಲಿರುವ ಪ್ರಭೇದಗಳ ಸಾಲಿಗೆ ಸೇರಿಸಲಾಗಿದೆ. ಭೂಮಿಯ ತಾಪ ಏರಿದಂತೆ ತಗ್ಗಿನ ಪ್ರಾಣಿಗಳು ಮೇಲಕ್ಕೆ ಸರಿಯಬಹುದು; ಶಿಖರದಲ್ಲೇ ಇರುವ ಹಕ್ಕಿಗೆ ಅದಕ್ಕಿಂತ ಮೇಲೆ ನೆಲವಿಲ್ಲ. ಎತ್ತರದ ಬೆಟ್ಟಗಳಲ್ಲಿ ಚಹಾ, ನೀಲಗಿರಿ, ಅಕೇಶಿಯಾ ನೆಡುತೋಪುಗಳು ಹಬ್ಬಿದಷ್ಟೂ ಇಂತಹ ಹಕ್ಕಿಗಳ ದ್ವೀಪ ಕುಗ್ಗುತ್ತದೆ. ಇಲ್ಲಿ ಅಳಿದರೆ ಬೇರೆಡೆಯಿಂದ ತಂದು ಬಿಡಲು ಮತ್ತೊಂದು ಚಿಲಪ್ಪನ್ ಸಂಸಾರ ಲೋಕದಲ್ಲೆಲ್ಲೂ ಇಲ್ಲ.

ರಜೆಯಲ್ಲಿ ಊರಿಗೆ ಹೋದಾಗ ನಮ್ಮಲ್ಲಿ ಹಲವರು ಇರ್ಪು ಜಲಪಾತ ನೋಡಿ ಬರುತ್ತಾರೆ. ಆ ನೀರು ಇಳಿದು ಬರುವುದು ಬ್ರಹ್ಮಗಿರಿಯಿಂದಲೇ. ಮುಂದಿನ ಸಲ ಅಲ್ಲಿ ನಿಂತಾಗ ಮಕ್ಕಳಿಗೆ ಮೇಲಿನ ಬೆಟ್ಟಗಳನ್ನು ತೋರಿಸಿ, ಈ ಹಕ್ಕಿಯ ಹೆಸರನ್ನೂ ಹೇಳೋಣ.