“ನಾಯಿ ತಾನೇ” ಎನ್ನಬೇಡಿ: ಸಾಕಿದ ಜೀವ ಹೋದಾಗ ದುಃಖಕ್ಕೆ ನೆರವು ಎಲ್ಲಿದೆ?



ಕಳೆದ ಬಾರಿ ಮೊಣಕಾಲು ನೋವಿನ ಬಗ್ಗೆ ಬರೆಯುತ್ತಾ, ದಿನಾ ಸ್ವಲ್ಪ ನಡೆಯಿರಿ ಎಂದಿದ್ದೆ. ಅದನ್ನು ಓದಿ ಪುಣೆಯಿಂದ ಒಬ್ಬ ಅಜ್ಜಿ ಧ್ವನಿ ಸಂದೇಶ ಕಳಿಸಿದರು. “ಮೊಣಕಾಲ ಈಗ ನೋಯಾಂಗಿಲ್ರಿ, ಅಡ್ಡಾಡೂದ ಬಿಟ್ಟೇನಿ. ನಮ್ಮ ರಾಜಾ ಹೋದ ಮ್ಯಾಲ ಕೆಳಗ ಇಳಿಯಾಕ ಮನಸ ಬರವಲ್ದು.”

ರಾಜಾ ಅಂದರೆ ಅವರ ಮಗನ ಮನೆಯ ನಾಯಿ. ಹದಿಮೂರು ವರ್ಷ ಇತ್ತು. ಮಗ, ಸೊಸೆ ಆಫೀಸಿಗೆ, ಮೊಮ್ಮಗ ಶಾಲೆಗೆ ಹೋದ ಮೇಲೆ ಸಂಜೆಯ ತನಕ ಆ ಫ್ಲ್ಯಾಟಿನಲ್ಲಿ ಕನ್ನಡ ಕೇಳಿಸಿಕೊಳ್ಳುತ್ತಿದ್ದ ಜೀವ ಅದೊಂದೇ. ಮೊಮ್ಮಗನಿಗೆ ಕನ್ನಡ ತಿಳಿಯುತ್ತದೆ, ಆದರೆ ಉತ್ತರ ಮಾತ್ರ ಮರಾಠಿಯಲ್ಲಿ. ರಾಜಾನಿಗೆ “ಬಾರೋ, ಕುಂದ್ರು, ಉಣ್ಣು” ಎಂದರೆ ಸಾಕಿತ್ತು. ಅದು ಹೋಗಿ ಎರಡು ತಿಂಗಳಲ್ಲಿ ಅಜ್ಜಿಯ ಸಕ್ಕರೆ ಏರಿದೆ, ನಿದ್ದೆ ಕೆಟ್ಟಿದೆ. ಡಾಕ್ಟರು ಮಾತ್ರೆ ಹೆಚ್ಚಿಸಿದರು. ನಾಯಿಯ ವಿಷಯ ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಹೇಳಿದರೆ ನಕ್ಕಾರು ಎಂದು.

ಈ ಬಾರಿ ಬೇರೆ ವಿಷಯ ಬರೆಯಬೇಕೆಂದಿದ್ದೆ. ಆ ಸಂದೇಶ ಕೇಳಿದ ಮೇಲೆ ಇದನ್ನೇ ಬರೆಯುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ನಾಯಿಯೋ ಬೆಕ್ಕೋ ತೀರಿಕೊಂಡಿದ್ದರೆ ಒಂದು ವಿಷಯ ಗಮನಿಸಿರುತ್ತೀರಿ. ಮನುಷ್ಯರು ಹೋದಾಗ ನಮ್ಮಲ್ಲಿ ದುಃಖಕ್ಕೊಂದು ದಾರಿ ಇದೆ. ಜನ ಬರುತ್ತಾರೆ, ಪಕ್ಕದ ಮನೆಯವರು ಊಟ ತರುತ್ತಾರೆ, ಸೂತಕ, ಹನ್ನೊಂದನೆಯ ದಿನ, ತಿಥಿ ಎಂದು ಲೆಕ್ಕವಿದೆ. ಅತ್ತರೆ ಯಾರೂ ಯಾಕೆಂದು ಕೇಳುವುದಿಲ್ಲ. ನಾಯಿ ಹೋದರೆ ಇದ್ಯಾವುದೂ ಇಲ್ಲ. ಮರುದಿನ ಆಫೀಸಿಗೆ ಹೋಗಬೇಕು, ರಜೆ ಕೇಳಲು ಜ್ವರ ಎಂದು ಸುಳ್ಳು ಹೇಳಬೇಕು. ಊರಿಂದ ಫೋನ್ ಮಾಡಿದ ಅಕ್ಕ “ಇನ್ನೊಂದು ಮರಿ ತಂದ್ರಾಯ್ತು ಬಿಡು” ಎನ್ನುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ.

ಇಂಥ ದುಃಖದ ಬಗ್ಗೆ ಅಮೆರಿಕದ ತಜ್ಞ ಕೆನೆತ್ ಡೋಕಾ 1989ರಲ್ಲೇ ಬರೆದರು. ಸುತ್ತಲಿನ ಸಮಾಜ ದುಃಖವೆಂದೇ ಒಪ್ಪದ ದುಃಖ ಇದು. ನೋವು ಕಡಿಮೆಯೇನಲ್ಲ, ಹೊರಗೆ ತೋರಿಸಲು ಹಕ್ಕಿಲ್ಲ, ಅಷ್ಟೇ. ಒಳಗೇ ಉಳಿದದ್ದು ನಿದ್ದೆ, ಊಟ, ಬಿಪಿ, ಸಕ್ಕರೆಯ ಕಡೆಗೆ ತಿರುಗುತ್ತದೆ.

ನಮ್ಮ ಹಿರಿಯರಿಗೆ ಈ ನಾಚಿಕೆ ಇರಲಿಲ್ಲ ಎನ್ನಲು ಒಂದು ಕಲ್ಲೇ ಸಾಕ್ಷಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಸುಮಾರು ಕ್ರಿ.ಶ. 949-50ರದ್ದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಆತ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಕಾಳಿಯ ನೆನಪಿಗೆ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಸಲ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋದಾಗ ತೋರಿಸಿ.

ಈಗ ದೇಹದ ವಿಷಯಕ್ಕೆ ಬರೋಣ. ಮೊದಲ ಕೆಲವು ವಾರ ಹಸಿವಾಗದಿರುವುದು, ಬೆಳಗಿನ ಜಾವ ಎಚ್ಚರವಾಗುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಸಹಜ. ಬಾಗಿಲು ತೆಗೆದಾಗ ಟೈಲ್ಸ್ ಮೇಲೆ ಉಗುರಿನ ಟಕಟಕ ಸದ್ದು ಕೇಳಿದಂತೆ ಆಗುವುದು, ಮೊಸರನ್ನ ಕಲಸುವಾಗ ಕೈ ತಾನಾಗಿ ಒಂದು ತುತ್ತು ಪಕ್ಕಕ್ಕಿಡುವುದು, ಇವು ಹುಚ್ಚಿನ ಲಕ್ಷಣವಲ್ಲ. ವರ್ಷಗಟ್ಟಲೆಯ ಅಭ್ಯಾಸ ಮೈಯಿಂದ ಬಿಡಲು ಹೊತ್ತು ಬೇಕು. ದುಃಖಕ್ಕೆ ಐದು ಹಂತಗಳಿವೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರ ತಮ್ಮ ಪುಸ್ತಕದಲ್ಲಿ ಅವನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ನಾನಿನ್ನೂ ಮೂರನೇ ಹಂತದಲ್ಲೇ ಇದ್ದೇನೆ ಎಂದು ಯಾರೂ ಲೆಕ್ಕ ಹಾಕಿ ಕೂರಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಎದೆನೋವು, ಉಸಿರು ಕಟ್ಟಿದಂತೆ ಆದರೆ “ದುಃಖದಿಂದ ಹೀಗಾಗಿದೆ” ಎಂದು ಮಲಗಬೇಡಿ. ತೀವ್ರ ದುಃಖದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವ ಸ್ಥಿತಿಯೊಂದಿದೆ, ಡಾಕ್ಟರುಗಳು ಟಾಕೋಟ್ಸುಬೊ ಎನ್ನುತ್ತಾರೆ. ಮುಟ್ಟು ನಿಂತ ವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಅಮೆರಿಕದ 61 ವರ್ಷದ ಒಬ್ಬ ಮಹಿಳೆಗೆ ನಾಯಿ ಸತ್ತ ಮೇಲೆ ಹೀಗಾದದ್ದು 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿಯಾಗಿದೆ. ನೋಡಲು ಹೃದಯಾಘಾತದಂತೆಯೇ ಇರುತ್ತದೆ, ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡದೆ ಯಾವುದೆಂದು ಹೇಳಲಾಗದು.

ಇನ್ನು ಪಶ್ಚಾತ್ತಾಪ. ನನ್ನ ಅನುಭವದಲ್ಲಿ ದುಃಖಕ್ಕಿಂತ ಹೆಚ್ಚು ಕಾಡುವುದು ಇದೇ. “ಎರಡು ದಿನ ಮೊದಲೇ ಕರೆದುಕೊಂಡು ಹೋಗಿದ್ದರೆ...”, “ಆಪರೇಷನ್ನಿಗೆ ದುಡ್ಡು ಹೊಂದಿಸಿದ್ದರೆ...”, ಎಲ್ಲಕ್ಕಿಂತ ಭಾರವಾದದ್ದು, “ಇಂಜೆಕ್ಷನ್ ಕೊಡಿ ಎಂದು ಸಹಿ ಹಾಕಿದವನು ನಾನೇ.” ಇದನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಹೊತ್ತು ತಿರುಗುವ ಗಂಡಸರನ್ನು ನೋಡಿದ್ದೇನೆ. ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾಗ ಕ್ಲಿನಿಕ್ಕಿನಲ್ಲಿ ನಿಂತು ತೀರ್ಮಾನ ಮಾಡಬೇಕಾದದ್ದು ಅವರೇ.

ನಾಯಿ, ಬೆಕ್ಕು ನೋವನ್ನು ಬಚ್ಚಿಡುತ್ತವೆ. ಬೆಕ್ಕಿನ ಮೂತ್ರಪಿಂಡದ ಬಹುಭಾಗ ಕೆಟ್ಟ ಮೇಲೇ ಹೊರಗೆ ಲಕ್ಷಣ ಕಾಣುವುದು. ನಿಮಗೆ ತಡವಾಗಿ ಗೊತ್ತಾಯಿತೆಂದರೆ ನೀವು ನೋಡಿಕೊಳ್ಳಲಿಲ್ಲ ಎಂದಲ್ಲ. ಅನುಮಾನ ಹೋಗದಿದ್ದರೆ ನೋಡಿದ ಪಶುವೈದ್ಯರ ಹತ್ತಿರವೇ ಹತ್ತು ನಿಮಿಷ ಸಮಯ ಕೇಳಿ. “ಅವತ್ತು ಬೇರೆ ದಾರಿ ಇತ್ತಾ ಡಾಕ್ಟ್ರೇ?” ಎಂದು ನೇರವಾಗಿ ಕೇಳಿ. ಇಂಥ ಪ್ರಶ್ನೆ ಅವರಿಗೆ ಹೊಸದಲ್ಲ. ಉತ್ತರ ಏನೇ ಇರಲಿ, ರಾತ್ರಿ ಎರಡು ಗಂಟೆಗೆ ಮನಸ್ಸು ತಾನೇ ಕಟ್ಟಿಕೊಳ್ಳುವ ಕಥೆಗಿಂತ ಅದು ಹಗುರ. ಹೋದಾಗಲೇ ಇನ್ನೊಂದು ಕೆಲಸ ಮಾಡಿ: ಅವರ ಪಟ್ಟಿಯಿಂದ ಹೆಸರು ತೆಗೆಸಿ. ಇಲ್ಲದಿದ್ದರೆ ಆರು ತಿಂಗಳ ಮೇಲೆ “ನಿಮ್ಮ ರಾಜಾನ ಲಸಿಕೆ ಬಾಕಿ ಇದೆ” ಎಂದು ಮೆಸೇಜು ಬಂದು ಮತ್ತೆ ಮೊದಲಿಂದ ಶುರುವಾಗುತ್ತದೆ.

ನೆರವು ಎಲ್ಲಿ ಸಿಗುತ್ತದೆ? ಮೊದಲು ನಗದೆ ಕೇಳುವ ಒಬ್ಬರನ್ನು ಹುಡುಕಿಕೊಳ್ಳಿ. ಹೆಚ್ಚು ಸಲ ಅವರು ಬಂಧುಗಳಲ್ಲ, ನಾಯಿ ಕರೆದುಕೊಂಡು ಹೋಗುವಾಗ ಕೆಳಗೆ ಸಿಗುತ್ತಿದ್ದವರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಸೊಸೈಟಿಯಲ್ಲಿ ಪರಿಚಯ ಬೆಳೆದದ್ದೇ ನಾಯಿಯಿಂದ. ಅವರ ಹೆಸರು ನಮಗೆ ಗೊತ್ತಿಲ್ಲ, “ಬ್ರೂನೋ ಅಮ್ಮ”, “ಶೇರು ಅಂಕಲ್” ಅಷ್ಟೇ. ನಾಯಿ ಹೋದ ಮೇಲೆ ಆ ಗುಂಪೂ ತಪ್ಪುತ್ತದೆ. ಅದೇ ಹೊತ್ತಿಗೆ ಒಂದು ದಿನ ಕೆಳಗೆ ಹೋಗಿ ನಿಲ್ಲಿ. ಏನೂ ವಿವರಿಸಬೇಕಿಲ್ಲ, ಬರಿಗೈ ನೋಡಿದರೆ ಅವರಿಗೆ ಅರ್ಥವಾಗುತ್ತದೆ.

ಮನೆಯವರೊಂದಿಗೆ ಮಾತು ಸಾಲದಾದಾಗ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್. ಅಕ್ಟೋಬರ್ 10, 2022ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ. ಮುಖ್ಯವಾಗಿ, ಭಾಷೆ ಆಯ್ದುಕೊಳ್ಳಬಹುದು, ಕನ್ನಡವೂ ಇದೆ. ದೆಹಲಿಯಲ್ಲಿ ಮೂವತ್ತು ವರ್ಷ ಹಿಂದಿಯಲ್ಲಿ ವ್ಯವಹಾರ ಮಾಡಿದವರಿಗೂ ಅಳು ಬರುವುದು ಕನ್ನಡದಲ್ಲೇ ಅಲ್ಲವೇ? “ನಾಯಿ ಸತ್ತದ್ದಕ್ಕೆ ಫೋನ್ ಮಾಡಬಹುದಾ?” ಎಂದು ಹಿಂಜರಿಯಬೇಡಿ. ನಿದ್ದೆ ಬರುತ್ತಿಲ್ಲ, ದುಃಖ ತಡೆಯುತ್ತಿಲ್ಲ ಎಂದರೆ ಸಾಕು. ಎರಡು ವಾರ ಸತತವಾಗಿ ಊಟ, ನಿದ್ದೆ ಕೆಟ್ಟಿದ್ದರೆ, ಔಷಧಿ ತೆಗೆದುಕೊಳ್ಳುವುದೇ ನಿಂತಿದ್ದರೆ, ಒಂಟಿಯಾಗಿರುವ ಹಿರಿಯರು “ನಾನೂ ಅದರ ಜೊತೆಗೇ ಹೋಗಬೇಕಿತ್ತು” ಎಂದರೆ ಕಾಯಬೇಡಿ. ಆ ಮಾತನ್ನು ಮಾತಿಗೆ ಹೇಳಿದ್ದು ಎಂದು ಬಿಡುವಂತಿಲ್ಲ, ಅಂದೇ ಕರೆ ಮಾಡಿ, ಅವರ ಪಕ್ಕದಲ್ಲಿರಿ.

ಮಕ್ಕಳ ವಿಷಯದಲ್ಲಿ ನಾವು ಮಾಡುವ ತಪ್ಪೊಂದಿದೆ. “ಟಾಮಿಯನ್ನು ಅಜ್ಜಿ ಊರಿಗೆ ಕಳಿಸಿದ್ದೇವೆ.” ಬೇಸಿಗೆ ರಜೆಗೆ ಊರಿಗೆ ಹೋದ ಮಗು ಹಿತ್ತಲು, ದನದ ಕೊಟ್ಟಿಗೆ ಎಲ್ಲ ಹುಡುಕಿ ಬಂದು ನಿಮ್ಮ ಮುಖ ನೋಡುತ್ತದಲ್ಲ, ಆಗ ಏನು ಹೇಳುತ್ತೀರಿ? “ಮಲಗಿಸಿಬಿಟ್ಟರು” ಎಂದರೆ ಕೆಲವು ಮಕ್ಕಳು ಮಲಗಲು ಹೆದರುತ್ತಾರೆ. ಸತ್ತುಹೋಯಿತು, ಅದರ ದೇಹ ಕೆಲಸ ನಿಲ್ಲಿಸಿತು, ಇನ್ನು ಬರುವುದಿಲ್ಲ, ನಿನ್ನ ತಪ್ಪಿಲ್ಲ ಎಂದು ಸರಳವಾಗಿ ಹೇಳಿ. ಚಿಕ್ಕ ಮಕ್ಕಳು ನಾಳೆ ಮತ್ತೆ ಅದನ್ನೇ ಕೇಳುತ್ತಾರೆ, ಮತ್ತೆ ಹೇಳಿ. ನೀವು ಅಳುವುದನ್ನು ನೋಡಿದರೂ ತೊಂದರೆಯಿಲ್ಲ.

ಊರಿನಲ್ಲಿ ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡುತ್ತಿದ್ದೆವು. ಮೂರನೇ ಮಹಡಿಯ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಎಲ್ಲಿಗೆ ಹೋಗುವುದು? ಮುಂಬೈ ಮಲಾಡ್‌ನಲ್ಲಿ ಪಾಲಿಕೆಯದೇ ಪ್ರಾಣಿ ಚಿತಾಗಾರವಿದೆ. ಹೈದರಾಬಾದಿನ ಫತುಲ್ಲಗುಡ, ದೆಹಲಿಯ ದ್ವಾರಕಾದಲ್ಲೂ ಇವೆ. ಹೊರಡುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಬೇರೆ ಊರಲ್ಲಿದ್ದರೆ ಪಶುವೈದ್ಯರಿಗೇ ಕೇಳಿ. ಮನೆಯಲ್ಲಿ ವಯಸ್ಸಾದ ಪ್ರಾಣಿ ಇರುವವರು ಈಗಲೇ ಒಂದು ನಂಬರ್ ಬರೆದಿಟ್ಟುಕೊಳ್ಳಿ, ಅಪಶಕುನವೇನಲ್ಲ. ಒಂದು ಹೂವು, ಒಂದು ದೀಪ, ಅದಕ್ಕೆ ಇಷ್ಟವಾದ ಬಿಸ್ಕತ್ತು ಇಟ್ಟು ಕಳಿಸಿಕೊಡಿ. ಯಾವ ಶಾಸ್ತ್ರವೂ ಬೇಡ ಎನ್ನುವುದಿಲ್ಲ.

ಯಾರನ್ನಾದರೂ ಕಚ್ಚಿ ಅಥವಾ ಪರಚಿ ಹತ್ತು ದಿನದೊಳಗೆ ನಾಯಿ ಸತ್ತಿದ್ದರೆ ದುಃಖದ ನಡುವೆಯೂ ಮೊದಲು ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಉಳಿದ ಬೆಕ್ಕು ಜೊತೆಗಾರನಿಲ್ಲದೆ ಎರಡು ದಿನ ಏನೂ ತಿನ್ನದಿದ್ದರೆ ಅದನ್ನೂ ತೋರಿಸಿ, ಉಪವಾಸದಿಂದ ಬೆಕ್ಕಿನ ಯಕೃತ್ತು ಬೇಗ ಕೆಡುತ್ತದೆ.

ಹೊಸ ಮರಿ ಯಾವಾಗ ತರಬೇಕು? ಇದಕ್ಕೆ ಲೆಕ್ಕವಿಲ್ಲ. ಆದರೆ ಅಮ್ಮನಿಗೆ ಸಮಾಧಾನವಾಗಲಿ ಎಂದು ಅವರನ್ನು ಕೇಳದೆ ತಂದು ಮಡಿಲಿಗೆ ಹಾಕಬೇಡಿ. ಹೋದದ್ದು ಪಾರ್ವೊ ರೋಗದಿಂದಾದರೆ ಆ ವೈರಸ್ ಮನೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಪೂರ್ತಿಯಾಗದ ಮರಿಯನ್ನು ಅಲ್ಲಿಗೆ ತರುವುದು ಅಪಾಯ.

ಪುಣೆಯ ಅಜ್ಜಿಗೆ ನಾನು ಹೇಳಿದ್ದು ಎರಡೇ. ಮುಂದಿನ ಸಲ ಡಾಕ್ಟರ ಹತ್ತಿರ ರಾಜಾನ ಹೆಸರು ಹೇಳಿ, ಸಂಜೆ ಮೊಮ್ಮಗನನ್ನು ಕರೆದುಕೊಂಡು ಕೆಳಗೆ ಇಳಿಯಿರಿ. ಹದಿನೈದು ದಿನದ ಮೇಲೆ ಮತ್ತೊಂದು ಧ್ವನಿ ಸಂದೇಶ ಬಂತು. “ಡಾಕ್ಟರ ಮನ್ಯಾಗೂ ಒಂದ ನಾಯಿ ಇತ್ತಂತ್ರಿ, ಅವರೂ ಭಾಳ ಹೊತ್ತ ಮಾತಾಡಿದ್ರು. ನಿನ್ನೆ ಕಟ್ಟಿ ಮ್ಯಾಲ ಕುಂತಿದ್ದೆ, ಆ ಬ್ರೂನೋ ಬಂದು ಕೈ ಮೂಸಿತು. ಕುಂದ್ರು ಅಂದ್ರ ಸುಮ್ನ ಮುಖಾ ನೋಡ್ತದ್ರಿ. ಅದಕ್ಕ ಕನ್ನಡ ಬರೂದಿಲ್ಲ. ಕಲಸ್ಬೇಕು.”